ನಲವತ್ತೇಳನೇ ಕೇಸಿನ ಮನೆ

2024ರ ನವೆಂಬರ್. ಹೊಸಕೋಟೆಯಲ್ಲಿ ಒಂದು ಟ್ರಸ್ಟ್ ನಡೆಸುತ್ತಿದ್ದ ಮಹಿಳಾ ಸಲಹಾ ಕೇಂದ್ರಕ್ಕೆ ನಾನು ಸಂಯೋಜಕಿ. ಎಂ.ಎಸ್.ಡಬ್ಲ್ಯೂ., ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಮುಗಿಸಿ ಈ ಕೆಲಸಕ್ಕೆ ಇಳಿದು ಆಗ ಇಪ್ಪತ್ತಾರು ವರ್ಷವಾಗಿತ್ತು. ನನ್ನ ಜೊತೆಗಿದ್ದ ಸಮಾಲೋಚಕಿ ಒಬ್ಬಳೇ, ರಂಜಿತಾ. ವಯಸ್ಸು ಇಪ್ಪತ್ತೈದು, ಅವಳದೂ ಅದೇ ಪದವಿ. ತಿಂಗಳಿಗೆ ಹದಿಮೂರೂವರೆ ಸಾವಿರ ಗೌರವಧನ, ಅದೂ ಅನುದಾನದ ಕಂತು ಬಂದಾಗ. ಆ ವರ್ಷ ಜುಲೈನಿಂದ ಕಂತು ಬಂದಿರಲಿಲ್ಲ. ನನ್ನ ಮನೆಯಲ್ಲಿ ಯಜಮಾನರ ಸಂಬಳವಿತ್ತು, ಹೇಗೋ ನಡೆಯುತ್ತಿತ್ತು. ಸ್ವಲ್ಪ ತಡೆದುಕೊಳ್ಳಮ್ಮ ಎಂದು ಅವಳಿಗೆ ಪ್ರತಿ ತಿಂಗಳೂ ಹೇಳುತ್ತಿದ್ದೆ. ಅವಳು ತಲೆಯಾಡಿಸಿ ಊಟದ ಡಬ್ಬಿ ತೆರೆಯುತ್ತಿದ್ದಳು. ದೀಪಾವಳಿ ಆದಮೇಲೆ ಡಬ್ಬಿಯನ್ನೂ ತರುತ್ತಿರಲಿಲ್ಲ. ಡಯಟ್ ಎಂದಳು. ನಾನು ನಂಬಿದೆ.

ನಮ್ಮಲ್ಲಿ ಪ್ರತಿ ಪ್ರಕರಣಕ್ಕೂ ಒಂದು ಕೇಸ್ ಶೀಟ್ ಇರುತ್ತದೆ. ಗುಟ್ಟು ಕಾಯಬೇಕಾದ್ದರಿಂದ ಹೆಸರು ಬರೆಯುವುದಿಲ್ಲ, ಸಂಖ್ಯೆ ಮಾತ್ರ. ಆದಾಯ, ಖರ್ಚು, ಸಾಲ ಎಲ್ಲ ಬರೆದು ಕೊನೆಯಲ್ಲಿ ಅಪಾಯದ ಮಟ್ಟ ಎಷ್ಟೆಂದು ಗುರುತು ಹಾಕಬೇಕು. ಒಂದು ಬುಧವಾರ ಮಧ್ಯಾಹ್ನ ರಂಜಿತಾ ಬರೆದಿಟ್ಟ ಶೀಟುಗಳಿಗೆ ಸಹಿ ಹಾಕುತ್ತಾ ನಲವತ್ತೇಳನೆಯದಕ್ಕೆ ಬಂದೆ. ತಾಯಿ, ಮಗಳು. ತಂದೆ ತೀರಿ ಒಂಬತ್ತು ವರ್ಷ. ಮಗಳ ಓದಿಗೆ ಬ್ಯಾಂಕಿನಿಂದ ಮೂರು ಲಕ್ಷ ಸಾಲ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ, ಆದರೆ ಬಡ್ಡಿ ಬೆಳೆಯುತ್ತಿರುತ್ತದೆ. ಈಗ ಅದು ಮೂರು ಲಕ್ಷ ತೊಂಬತ್ತು ಸಾವಿರ. ತಿಂಗಳ ಕಂತು 6,575. ನಾಲ್ಕು ಕಂತು ಬಾಕಿ. ಜೊತೆಗೆ ಸಹಿ ಹಾಕಿದ ತಾಯಿಗೂ ನೋಟಿಸು. ಅಪಾಯದ ಮಟ್ಟ: ಹೆಚ್ಚು. ಷರಾದಲ್ಲಿ, 'ಮಗಳಿಗೆ ಸಾಯುವ ಯೋಚನೆ ಬರುತ್ತಿದೆ' ಎಂದಿತ್ತು.

ಬರೆದು ಎಷ್ಟು ದಿನವಾಯಿತು ಎಂದೆ. ಎಂಟು ದಿನ ಎಂದಳು. ಇಂಥ ಕೇಸಿಗೆ ಎಂಟು ದಿನ ಮನೆ ಭೇಟಿ ಇಲ್ಲವೇ ಎಂದು ಗದರಿಸಿ, ಇವತ್ತೇ ನಡಿ ಎಂದು ಎಬ್ಬಿಸಿದೆ.

ಜಡಿಗೇನಹಳ್ಳಿ ಬಸ್ಸಿನಲ್ಲಿ ಅವಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಇಳಿದು ಎರಡು ಓಣಿ ದಾಟಿದಾಗ ಸಂಜೆ ಐದೂವರೆ. ಮನೆ ಭೇಟಿಯಲ್ಲಿ ನಾವು ಹೊರಗೆ ನಿಂತು, ಮನೆಯಲ್ಲಿ ಯಾರಿದ್ದೀರಿ ಎಂದು ಕೂಗಿ, ಕರೆದ ಮೇಲೆ ಒಳಗೆ ಹೋಗುತ್ತೇವೆ. ರಂಜಿತಾ ಕೂಗಲಿಲ್ಲ. ತಗಡಿನ ಗೇಟಿನ ಸಂದಿಗೆ ಕೈ ಹಾಕಿ, ನೋಡದೆಯೇ ಒಳಗಿನ ಚಿಲಕ ಸರಿಸಿದಳು.

ಅದು ಅವಳದೇ ಮನೆ; ಇಷ್ಟು ವರ್ಷದಲ್ಲಿ ನಾನು ಒಮ್ಮೆಯೂ ಬಂದಿರಲಿಲ್ಲ. ನನಗೇಕೆ ಹೇಳಲಿಲ್ಲ ಎಂದು ಕೇಳಿದೆ.

"ಹೊರಗಿನೋರ ಕೇಸ್ ಅಂದ್ರೆ ಅರ್ಜೆಂಟ್ ಅಂತ ನೋಡ್ತೀರ ಮೇಡಂ. ನಂದು ಅಂದಿದ್ರೆ ತಡ್ಕೊಳ್ಳಮ್ಮ ಅಂತಿದ್ರಿ."

ಅವಳ ತಾಯಿ ಮುನಿರತ್ನಮ್ಮ ತರಕಾರಿ ಸಸಿ ಬೆಳೆಸುವ ನರ್ಸರಿಯಿಂದ ಆಗಷ್ಟೇ ಬಂದು ಕೈಕಾಲು ತೊಳೆಯುತ್ತಿದ್ದರು. ಚಾಪೆ ಹಾಸಿ, ಬೇಡವೆಂದರೂ ಟೀಗೆ ಇಟ್ಟರು. ಬ್ಯಾಂಕಿನವರು ನರ್ಸರಿಗೇ ಬಂದು ಹತ್ತು ಜನರ ಎದುರು ಕೇಳಿದ್ದನ್ನು ಹೇಳಿದರು. ತಮ್ಮ ಕೂಲಿ ದಿನಕ್ಕೆ ನಾನೂರೈವತ್ತು, ಶನಿವಾರ ಸಂಜೆ ತಪ್ಪದೆ ಕೈಗೆ ಬರುತ್ತದೆ ಎಂದರು. "ನಮ್ಮಲ್ಲಿ ಸಸಿಗೂ ಟೈಮಿಗೆ ನೀರು ಬಿಡ್ತಾರೆ. ಎರಡೆರಡು ಡಿಗ್ರಿ ಮಾಡ್ದೋಳಿಗೆ ಸಂಬಳ ಬಿಡಕ್ಕಾಗಲ್ವಾ?" ಎಂದು ನಕ್ಕರು. ಆಮೇಲೆ ನನ್ನ ಸಂಬಳ ಎಷ್ಟೆಂದು ಕೇಳಿದರು.

ಸಾವಿರಾರು ಮನೆಗಳಲ್ಲಿ ಈ ಪ್ರಶ್ನೆ ಕೇಳಿದ್ದವಳು ನಾನು. ನನ್ನನ್ನು ಯಾರೂ ಕೇಳಿರಲಿಲ್ಲ. ಮೂವತ್ತೊಂದು ಸಾವಿರ, ಇಪ್ಪತ್ತಾರು ವರ್ಷಕ್ಕೆ, ಎಂದೆ.

"ಹಂಗಾದ್ರೆ ನನ್ನ ಮಗಳಿಗೆ ಯಾಕಮ್ಮಾ ಇದ್ನೇ ಓದು ಅಂದ್ರಿ? ನಿಮ್ಮಂಗೆ ಆಗ್ಬೇಕು ಅಂತಾನೇ ಸಾಲ ಮಾಡ್ಸುದ್ಲು."

ನಿಜ. ಬಿ.ಎಸ್.ಡಬ್ಲ್ಯೂ. ಓದುವಾಗ ತರಬೇತಿಗೆ ನಮ್ಮಲ್ಲಿಗೇ ಬಂದಿದ್ದ ಹುಡುಗಿ. ಮುಂದಕ್ಕೂ ಇದನ್ನೇ ಓದು ಎಂದಿದ್ದೆ. ಸಂಬಳ ಎಷ್ಟು ಸಿಗುತ್ತದೆ ಎಂದು ಅವಳು ಕೇಳಿದಾಗ, ಸೇವೆಗೆ ಬರುವವರು ಮೊದಲು ಅದನ್ನು ಕೇಳಬಾರದು ಎಂದು ತಿದ್ದಿದ್ದೆ. ನನಗೆ ನನ್ನ ಗುರುಗಳು ಹೇಳಿದ್ದೂ ಅದನ್ನೇ. ನಮ್ಮ ವೃತ್ತಿಯಲ್ಲಿ ಆ ಪ್ರಶ್ನೆಯನ್ನೇ ಸಣ್ಣತನ ಮಾಡಿಟ್ಟಿದ್ದೇವೆ.

ಮಗಳ ಕಡೆ ತಿರುಗಿ, ಇಂಥ ಹೊತ್ತಿನಲ್ಲಿ ಸುತ್ತಿ ಬಳಸದೆ ಕೇಳಬೇಕೆಂದು ಅವಳಿಗೆ ನಾನೇ ಕಲಿಸಿದ್ದನ್ನು ಕೇಳಿದೆ.

"ಸಾಯೋ ಯೋಚನೆ ಈಗ್ಲೂ ಬರ್ತಿದೆಯೇನಮ್ಮ?"

"ದಿನಾ ಬರ್ತದೆ ಮೇಡಂ."

ಮುನಿರತ್ನಮ್ಮನಿಗೆ ಅದು ಗೊತ್ತಿರಲಿಲ್ಲ. ಟೀ ಉಕ್ಕಿ ಒಲೆ ಆರಿದ್ದನ್ನೂ ಅವರು ನೋಡಲಿಲ್ಲ. ಮಗಳ ಮೊಣಕೈ ಹಿಡಿದವರು ನಾನು ಹೊರಡುವವರೆಗೂ ಬಿಡಲಿಲ್ಲ.

ಅವಳನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಡಬೇಡಿ ಎಂದು ತಾಯಿಗೆ ಹೇಳಿ ಬಂದೆ. ಮರುದಿನ ಮೂವರೂ ಮನೋವೈದ್ಯರ ಬಳಿ ಹೋದೆವು. ಶುಕ್ರವಾರ ಬ್ಯಾಂಕಿಗೆ. ಅಲ್ಲಿನ ಮ್ಯಾನೇಜರು ಹೆಚ್ಚು ಮಾತಾಡದ ಮನುಷ್ಯ. ಏಳು ವರ್ಷದ ಅವಧಿಯನ್ನು ಹದಿನೈದಕ್ಕೆ ಏರಿಸಿದರೆ ಕಂತು 4,310ಕ್ಕೆ ಇಳಿಯುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದರು. ತೀರುವಾಗ ಅವಳಿಗೆ ನಲವತ್ತು. ಬೇರೆ ದಾರಿ ಇರಲಿಲ್ಲ, ಇಬ್ಬರೂ ಸಹಿ ಹಾಕಿದರು. ಬಾಕಿ ಗೌರವಧನ ಫೆಬ್ರವರಿಯಲ್ಲಿ ಬಂತು. ಅಷ್ಟರಲ್ಲಿ ರಂಜಿತಾ ರಾಜೀನಾಮೆ ಕೊಟ್ಟು ಒಂದು ಗೋದಾಮಿನಲ್ಲಿ ಬಿಲ್ಲಿಂಗಿಗೆ ಸೇರಿದ್ದಳು. ಹತ್ತೊಂಬತ್ತು ಸಾವಿರ, ಐದನೇ ತಾರೀಖಿಗೆ. ಮಾತ್ರೆ ಇನ್ನೂ ನಡೆಯುತ್ತಿದೆ. ಅವಳು ಇದ್ದಾಳೆ, ನನಗೆ ಅಷ್ಟು ಸಾಕು.

ಅವಳ ಜಾಗಕ್ಕೆ ಈವರೆಗೆ ಮೂವರು ಸಂದರ್ಶನಕ್ಕೆ ಬಂದರು. ಮೂವರೂ ಎಂ.ಎಸ್.ಡಬ್ಲ್ಯೂ., ಮೂವರೂ ಸಂಬಳದ ಮಾತೆತ್ತಲಿಲ್ಲ. ನಾನೇ ಮೊದಲು ಹೇಳಿದೆ: ಹದಿಮೂರೂವರೆ, ಏಳು ತಿಂಗಳು ಬಾರದೆಯೂ ಇರಬಹುದು, ಇಪ್ಪತ್ತಾರು ವರ್ಷ ಕಳೆದರೆ ಮೂವತ್ತೊಂದು. ಕೊನೆಗೆ ಬಂದವಳು ಬ್ಯಾಗಿನ ದಾರ ಸುತ್ತುತ್ತಾ, "ಮೇಡಂ, ನಂದು ಎರಡೂವರೆ ಲಕ್ಷ ಲೋನ್ ಇದೆ. ಸೇರ್ಕೊಳ್ಲಾ?" ಎಂದಳು. ಸೇರು ಎನ್ನಲು ನನಗೆ ಬಾಯಿ ಬರಲಿಲ್ಲ.

ಪರರ ಮನೆಯ ಆದಾಯ ಖರ್ಚು ಬರೆಯುವವರು ತಮ್ಮದನ್ನು ಮರ್ಯಾದೆಯ ಹೆಸರಲ್ಲಿ ಮುಚ್ಚಿಟ್ಟರೆ, ನಂಬಿ ಹಿಂದೆ ಬಂದವರು ಅದರ ಕಂತು ಕಟ್ಟುತ್ತಾರೆ. ವೃತ್ತಿ ನನಗೆ ಕಲಿಸಿದ್ದು ಇದು, ತೀರ ತಡವಾಗಿ. ನಿಜ ಹೇಳಿದ್ದರಿಂದ ಕುರ್ಚಿಯೇನೂ ತುಂಬಲಿಲ್ಲ. ಪ್ರತಿ ಸೋಮವಾರ ಸಲಹೆಗೆ ಬರುವ ಹೆಂಗಸರನ್ನು ನಾನೊಬ್ಬಳೇ ನೋಡುತ್ತೇನೆ, ಸಂಜೆಯೊಳಗೆ ಮುಗಿಯುವುದಿಲ್ಲ. ಉಳಿದವರಿಗೆ ಮುಂದಿನ ವಾರ ಬನ್ನಿ ಎನ್ನುತ್ತೇನೆ. ಅವರಲ್ಲಿ ಯಾರು ಎಂಟು ದಿನ ಕಾಯಲಾರರೋ ನನಗೆ ಗೊತ್ತಾಗುವುದಿಲ್ಲ.