ಪೂಜೆಗೆ ಇಟ್ಟ ರಿವಾಲ್ವರ್

ಮೂರು ವರ್ಷಗಳ ಹಿಂದೆ ನಾನು ನ್ಯೂಜರ್ಸಿಯ ವುಡ್‌ಬ್ರಿಡ್ಜ್ ಸಮೀಪದ ಒಂದು ಖಾಸಗಿ ಪ್ರಯೋಗಾಲಯದಲ್ಲಿ ಟೆಸ್ಟ್ ಎಂಜಿನಿಯರ್ ಆಗಿದ್ದೆ. ಕ್ರೀಡಾ ಸಾಮಗ್ರಿಗಳ ಸುರಕ್ಷತೆ ಪರೀಕ್ಷಿಸಿ ವರದಿ ಬರೆಯುವುದು ಕೆಲಸ. ಆ ಅಕ್ಟೋಬರ್‌ನಲ್ಲಿ ನನ್ನ ಮೇಜಿಗೆ ಬಂದದ್ದು ಪಾಯಿಂಟ್ ಟೂ ಟೂ ಕ್ಯಾಲಿಬರ್‌ನ, ಆರು ಗುಂಡಿನ ಅಗ್ಗದ ರಿವಾಲ್ವರ್. ವಾರಾಂತ್ಯದಲ್ಲಿ ಗುರಿ ಹೊಡೆದು ಖುಷಿಪಡುವವರಿಗಾಗಿ ಮಾಡಿದ್ದು.

ಹತ್ತು ಗಜ ದೂರದಿಂದ ಹೊಡೆದ ಆರು ಗುಂಡುಗಳೂ ಅಂಗೈ ಅಗಲದೊಳಗೆ ಬಿದ್ದವು. ಆ ಬೆಲೆಗೆ ಚೆನ್ನಾಗಿಯೇ ಇತ್ತು. ತೊಂದರೆ ಕಂಡದ್ದು ಡ್ರಾಪ್ ಟೆಸ್ಟ್‌ನಲ್ಲಿ. ಗುಂಡು ತೆಗೆದು, ಕಿಡಿ ಹೊತ್ತಿಸುವ ಮದ್ದನ್ನಷ್ಟೇ ಉಳಿಸಿದ ತೋಟಾ ತುಂಬಿ, ಅಕಸ್ಮಾತ್ ಸಿಡಿಯದಂತೆ ತಡೆಯುವ ಸೇಫ್ಟಿ ಚಿಲಕ ಹಾಕದೆ ಒಂದು ಮೀಟರ್ ಎತ್ತರದಿಂದ ಬೀಳಿಸಿದೆವು. ಐದು ಸಲದಲ್ಲಿ ಎರಡು ಸಲ ಸಿಡಿಯಿತು. ತೋಟಾಕ್ಕೆ ಬಡಿಯುವ ಹ್ಯಾಮರ್ ನೇರವಾಗಿ ತೋಟಾದ ಮೇಲೆಯೇ ಒರಗಿರುತ್ತಿತ್ತು.

ಅದೇ ಮಾದರಿಯ ರಿವಾಲ್ವರ್ ಪರಿಚಯದ ಮೂರ್ತಿ ಅಂಕಲ್ ಬಳಿಯೂ ಇತ್ತು. ಮೈಸೂರಿನವರು, ನಿವೃತ್ತ ಸಿವಿಲ್ ಎಂಜಿನಿಯರ್. ಬಳಸಿ ಹಳೆಯದಾದದ್ದನ್ನೂ ಹೋಲಿಸಿ ನೋಡಬೇಕಿತ್ತು, ಕೇಳಿದೆ.

"ಆಯುಧಪೂಜೆ ಮುಗೀಲಮ್ಮ, ಮಾರನೇ ದಿನ ಶೂಟಿಂಗ್ ರೇಂಜ್‌ಗೆ ನಾನೇ ತರ್ತೀನಿ. ಪೂಜೆಗೆ ನೀನೂ ಬಾ."

"ಖಾಲಿ ಮಾಡಿ ಇಡಿ, ಅಂಕಲ್."

"ಯಾವಾಗ್ಲೂ ಖಾಲಿನೇ. ನಂಗೇ ಪಾಠ ಹೇಳ್ತೀಯಾ?" ಎಂದು ನಕ್ಕರು.

ಅವರ ಮನೆಯಲ್ಲಿ ಕಾರಿನ ಕೀ, ಲ್ಯಾಪ್‌ಟಾಪ್, ಆಂಟಿಯ ಹೊಲಿಗೆ ಮೆಷಿನ್ನಿನ ಪಕ್ಕದಲ್ಲಿ ಮಣೆಯ ಮೇಲೆ ರಿವಾಲ್ವರ್ ಇತ್ತು. ಆಂಟಿ ಅದರ ಎದುರಿಗೇ ಕುಳಿತು ನಳಿಕೆಯ ತುದಿಗೆ ಸೇವಂತಿಗೆ ಸಿಕ್ಕಿಸಿದರು. ನಾನು ಕುಂಕುಮ ಹಚ್ಚಿ, ಮುಟ್ಟಿ ಕಣ್ಣಿಗೊತ್ತಿಕೊಂಡೆ. ತೆರೆದು ನೋಡಲಿಲ್ಲ. ದೇವರ ಮುಂದಿಟ್ಟದ್ದನ್ನು ಪೂಜೆಗೆ ಬಂದಿದ್ದ ಅಷ್ಟು ಜನರೆದುರು ಎತ್ತಿ ತಪಾಸಣೆ ಮಾಡಲು ಸಂಕೋಚವಾಯಿತು.

ಮರುದಿನ ರೇಂಜ್‌ನಲ್ಲಿ ಅಂಕಲ್ ರಿವಾಲ್ವರ್ ಪೆಟ್ಟಿಗೆಯ ಬೀಗ ತೆಗೆದರು. "ಖಾಲಿ ಇದೆ, ತಗೋ. ಕುಂಕುಮ ಒರೆಸಿಲ್ಲ, ಅದಕ್ಕೆ ಮಾರ್ಕ್ಸ್ ಕಟ್ ಮಾಡ್ಬೇಡ."

ಸೇಫ್ಟಿ ಹಾಕಿರಲಿಲ್ಲ. ನಿಯಮದಂತೆ ನಳಿಕೆಯನ್ನು ಮಣ್ಣಿನ ದಿಬ್ಬದ ಕಡೆಗೆ ತಿರುಗಿಸಿ, ಗುಂಡು ತುಂಬುವ ಕಿಂಡಿ ತೆರೆದು, ತೋಟಾ ಕೂರುವ ಆರು ಮನೆಗಳ ಸಿಲಿಂಡರನ್ನು ಒಂದು ಮನೆಯಷ್ಟು ತಿರುಗಿಸಿದೆ. ಹಿತ್ತಾಳೆ ಹೊಳೆಯಿತು. ಹೊರತೆಗೆದೆ. ಇನ್ನೂ ಸಿಡಿಯದ, ಗುಂಡಿರುವ ತೋಟಾ. ಅಂಚಿನಲ್ಲಿ ಹ್ಯಾಮರ್ ಒತ್ತಿದ ಸಣ್ಣ ಗುರುತು. ಉಳಿದ ಐದೂ ಖಾಲಿ.

"ಅಂಕಲ್, ಇದೇನು?"

ಅವರ ಮುಖ ಬಿಳಿಚಿಕೊಂಡಿತು. "ಬರೀ ಆಯುಧಕ್ಕೆ ಪೂಜೆ ಮಾಡ್ಬಾರ್ದು ಅಂತ ಒಂದು ಹಾಕಿದ್ದೆ. ತೆಗೆಯೋದು ಮರ್ತೇಬಿಟ್ಟೆ." ಬೆಂಚಿನ ಮೇಲೆ ಕುಳಿತರು. "ನಿಮ್ಮಾಂಟಿ ಅದರ ಮುಂದೇನೇ ಕೂತಿದ್ಳಲ್ಲಮ್ಮ," ಎಂದರು.

ಅದು ಮಣೆಯಿಂದ ಜಾರಿದರೆ ಏನಾಗಬಹುದೆಂದು ಆ ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಅಂದು ಪರೀಕ್ಷೆ ನಡೆಸಲಿಲ್ಲ.

ಗುರಿ ಸಮರ್ಪಕ, ಆದರೆ ಶಿಫಾರಸು ಮಾಡಲಾಗದು ಎಂದು ವರದಿ ಬರೆದೆ. ಪರೀಕ್ಷಕಿಯೇ ತೆರೆದು ನೋಡದೆ ಮುಟ್ಟಿದ್ದನ್ನೂ ಅದರಲ್ಲಿ ಸೇರಿಸಿದೆ. ಮೇಲಧಿಕಾರಿ ಓದಿ ಸಹಿ ಹಾಕಿದರು.

ನನ್ನ ಸಂಕೋಚ ಸ್ವಭಾವ ಇಂದಿಗೂ ಹೋಗಿಲ್ಲ. ಹಿರಿಯರು ರಿವಾಲ್ವರ್ ಖಾಲಿ ಇದೆ ಎಂದು ಕೊಟ್ಟಾಗ ಈಗಲೂ ಮುಖ ಬಿಸಿಯಾಗುತ್ತದೆ. "ಒಂದು ನಿಮಿಷ, ನೋಡಿಬಿಡ್ತೀನಿ" ಎಂದು ಮೆಲ್ಲಗೆ ಹೇಳಿ, ಆರೂ ಮನೆಗಳನ್ನು ನೋಡುತ್ತೇನೆ.