ಹದಿನೇಳು ಸೊನ್ನೆಗಳು

ಸಾವಿನ ಮೂರನೇ ದಿನದ ಫಾತಿಹಾ ಪ್ರಾರ್ಥನೆ ಮುಗಿಸಿ ನೆಂಟರೆಲ್ಲ ನಿನ್ನೆ ಹೊರಟುಹೋದರು. ಇವತ್ತು ಸಿರಾದ ಈ ಮನೆಯಲ್ಲಿ ಅಳುವವರಿಲ್ಲ, ಸಮಾಧಾನ ಹೇಳುವವರೂ ಇಲ್ಲ. ಬೆಳಗಿನ ಬಾಂಗ್ ಮುಗಿಯುತ್ತಲೇ ಬದರುನ್ನೀಸಾ ಕಿಟಕಿಯ ಬಳಿ ಅಂಕದ ಕಾರ್ಡುಗಳನ್ನು ಹರಡಿಕೊಂಡು ಕೂತಿದ್ದಾಳೆ. ದುಃಖ ಎಲ್ಲಿದೆ ಎಂದು ಅವಳಿಗೇ ತಿಳಿಯುತ್ತಿಲ್ಲ. ಕೂಡುವುದು, ಕಳೆಯುವುದು ಮಾತ್ರ ಬರುತ್ತಿದೆ.

ಜ್ವರದಲ್ಲಿ ತೀರಿಕೊಂಡ ಗಂಡ ಇಸಾಕ್ ತರಬೇತಿ ಕಾಲೇಜಿನಲ್ಲಿ ಅಧ್ಯಾಪಕ. ಏಳನೇ ತರಗತಿಯ ಅಂಕ ನೋಡಿ, ಮಗು ಹೈಸ್ಕೂಲು ದಾಟುತ್ತದೋ ಇಲ್ಲವೋ ಮೊದಲೇ ಹೇಳಬಹುದೇ ಎಂಬುದು ಅವನ ಸಂಶೋಧನೆ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಸುತ್ತಿ ಆರುನೂರ ಹದಿನಾಲ್ಕು ಮಕ್ಕಳ ಅಂಕ ತಂದವನು ಅವನು. ಲೆಕ್ಕ ಹಾಕಿದವಳು, ಮೈಸೂರಿನಲ್ಲಿ ಗಣಿತ ಓದಿದ ಇವಳು. ದಿನಕ್ಕೆ ಅರವತ್ತು ಕಾರ್ಡು. ಮೇಲಿನಿಂದ ಕೆಳಗೆ ಒಮ್ಮೆ ಕೂಡಿ, ಕೆಳಗಿನಿಂದ ಮೇಲಕ್ಕೆ ಇನ್ನೊಮ್ಮೆ. ವರದಿಯ ಮೇಲೆ ಇವಳ ಹೆಸರಿಲ್ಲ.

"ಇಷ್ಟು ಅಂಕಿ ಬೇಯಿಸಿದ್ರೆ ಒಂದು ಮುದ್ದೆ ಆಗ್ತದಾ ಬೇಟಿ?" ಎಂದು ಕೆಣಕುತ್ತಿದ್ದ ಅತ್ತೆ ಖಾಜಾಬಿ, ಇವತ್ತು ಚಹಾ ಇಟ್ಟು ಸುಮ್ಮನೆ ಹೋಗುತ್ತಾಳೆ.

ಉಚಿತ ಹಾಸ್ಟೆಲಿನ ಸೀಟು ಹಂಚಲು ಸಮಿತಿಯವರು ಈ ಅಂದಾಜನ್ನೇ ಕೇಳಿದ್ದಾರೆ; ಹೈಸ್ಕೂಲು ದಾಟುವಂತಿರುವವರಿಗೆ ಮಾತ್ರ ಸೀಟು. ನಾಳೆ ಪಟ್ಟಿ ಹೋಗಬೇಕು. ಪಾವಗಡದ ಕಡೆಯ ಒಂದು ಹಳ್ಳಿಶಾಲೆಯ ಹದಿನೇಳು ಮಕ್ಕಳು ಅಂದಾಜಿನ ಗೆರೆಯ ಕೆಳಗಿದ್ದಾರೆ. ಸೀಟಿಲ್ಲದಿದ್ದರೆ ಅವರ ಓದು ಅಲ್ಲಿಗೆ ಮುಗಿಯಿತು. ಇಸಾಕ್ ಇಸಕೊಂಡು ಬಂದಿದ್ದ ಆ ಶಾಲೆಯ ರಿಜಿಸ್ಟರಿನಲ್ಲಿ ಅವಳ ಬೆರಳು ನಿಲ್ಲುತ್ತದೆ. ಹದಿನೇಳೂ ಮಂದಿಗೆ ಅರ್ಧವಾರ್ಷಿಕದಲ್ಲಿ, ಎಲ್ಲ ವಿಷಯದಲ್ಲೂ ಸೊನ್ನೆ. ಮಾರ್ಚಿಯ ವಾರ್ಷಿಕ ಪರೀಕ್ಷೆಯಲ್ಲಿ ಅವರಿಗೇ ಐವತ್ತು, ಅರವತ್ತು. ದಡ್ಡತನ ಹೀಗೆ ಒಂದು ತಿಂಗಳ ಮಟ್ಟಿಗೆ ಬಂದು ಹೋಗುವುದಿಲ್ಲ.

ಸಾವಿನ ಸುದ್ದಿ ಕೇಳಿ ಆ ಶಾಲೆಯ ಮೇಷ್ಟ್ರು ಓಬಳಯ್ಯ ಹನ್ನೊಂದರ ಬಸ್ಸಿಗೆ ಬರುತ್ತಾರೆ. ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ವಿಧವೆ ಪರಪುರುಷರ ಎದುರು ಬರುವಂತಿಲ್ಲ. ಪರದೆಯ ಹಿಂದಿನಿಂದಲೇ ಅವಳು ಸೊನ್ನೆಗಳ ವಿಚಾರ ಕೇಳುತ್ತಾಳೆ.

"ಅವು ಹಟ್ಟಿ ಮಕ್ಳು ಕಣಮ್ಮ. ಆಗ ಕುರಿ ಹೊಡ್ಕಂಡು ಹೋಗ್ಬುಟ್ಟಿದ್ರು, ಪರೀಕ್ಷೆಗೇ ಕೂತಿಲ್ಲ. ಬರ್ದೇ ಇದ್ದೋರಿಗೆ ಅಂಕದ ಜಾಗ್ದಲ್ಲಿ ಗೆರೆ ಎಳೀಬೇಕು ಅಂತಾರೆ. ನಮ್ಮ ರಿಜಿಸ್ಟ್ರಲ್ಲಿ ಗೆರೆ ಎಳುದ್ರೆ ಮಗು ಸತ್ತೋಯ್ತು ಅಂತ. ಬದುಕಿರೋ ಮಗೀಗೆ ಹೆಂಗೆ ಎಳೀಲಿ? ಸೊನ್ನೆ ಹಾಕ್ದೆ."

ಪರದೆಯ ಹಿಂದೆ ಪೆನ್ಸಿಲಿನ ಸದ್ದು. ಅರ್ಧವಾರ್ಷಿಕವನ್ನು ಬಿಟ್ಟು, ಮಾರ್ಚಿಯ ಅಂಕದಿಂದಲೇ ಅವಳು ಹೊಸದಾಗಿ ಅಂದಾಜು ಹಾಕುತ್ತಾಳೆ. ರಿಜಿಸ್ಟರಿಗಾಗಿ ಕಾಯುತ್ತ ಜಗಲಿಯಲ್ಲಿ ತೂಕಡಿಸಿ ಎದ್ದ ಮೇಷ್ಟ್ರು, "ಇನ್ನೂ ಎಷ್ಟು ಸೊನ್ನೆ ಉಳ್ದವೆ ತಾಯಿ, ಬಸ್ಸು ಹೋಯ್ತದೆ" ಎನ್ನುತ್ತಾರೆ.

ಹದಿನಾಲ್ಕು ಮಂದಿ ಗೆರೆ ದಾಟುತ್ತಾರೆ. ಉಳಿದ ಮೂವರ ಎದುರು "ಇದು ಅಂದಾಜು ಮಾತ್ರ, ಮಗುವನ್ನು ಕರೆದು ನೋಡಿ" ಎಂದು ಬರೆದು ಅವಳು ಪಟ್ಟಿಯನ್ನು ಲಕೋಟೆಗೆ ಹಾಕುತ್ತಾಳೆ. ಅಂಟು ಒಣಗುವುದರೊಳಗೆ ಅವಳಿಗೆ ಹಸಿವಾಗುತ್ತದೆ. ನಾಲ್ಕು ದಿನದಲ್ಲಿ ಇದೇ ಮೊದಲು. ಹಸಿವು ಎಂದದ್ದು ಕೇಳಿ ಖಾಜಾಬಿ ಒಲೆಯ ಕಡೆ ಓಡುತ್ತಾಳೆ.

ರಿಜಿಸ್ಟರನ್ನು ಬಟ್ಟೆಯಲ್ಲಿ ಸುತ್ತಿ ಬದರುನ್ನೀಸಾ ಪರದೆಯ ಕೆಳಗಿನಿಂದ ಆಚೆ ಸರಿಸುತ್ತಾಳೆ.

"ಇದು ಅವರು ಇಸ್ಕೊಂಡು ಬಂದಿದ್ದು, ಮೇಷ್ಟ್ರೇ. ಬರೋ ವರ್ಷದ ರಿಜಿಸ್ಟರನ್ನ ನಾನು ಕೇಳ್ತಿದೀನಿ. ನನ್ನ ಹೆಸರಿಗೇ ಬರೆದು ಕೊಡಿ."