ಅಕ್ಕ ಎತ್ತಿದ ಹಾರೆ

ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ತೇಪೆ ಅಕ್ಕ ಎನ್ನುತ್ತಿದ್ದರು. ಆಸಿಡ್ ಪಂಪುಗಳನ್ನು ನಡೆಸುವ ಹಳೆಯ ಕಂಪ್ಯೂಟರ್ ಪ್ರೋಗ್ರಾಮನ್ನು ನೋಡಿಕೊಳ್ಳುವುದು ಅವಳ ಕೆಲಸ. ಅದನ್ನು ಬರೆದವರು ಯಾರೂ ಈಗ ಇರಲಿಲ್ಲ. ಹಳೆಯ ಆಜ್ಞೆಯನ್ನು ಅಳಿಸಿದರೆ ಇನ್ನೇನು ಕುಸಿಯುವುದೋ ಎಂಬ ಭಯಕ್ಕೆ, ಅದರ ಮೇಲೊಂದು ಹೊಸದನ್ನು ಬರೆದು ತೇಪೆ ಹಾಕಿ ಮುಚ್ಚುವುದೇ ಅಲ್ಲಿನ ರೂಢಿ.

ಹಿತ್ತಲಿನ ನೆಲವೂ ಹಾಗೆಯೇ. ಹಿಂದಿನವರು ವಿಷದ ಕೆಸರು ಸುರಿದು, ಮೇಲೆ ಒಳ್ಳೆಯ ಮಣ್ಣು ಹರಡಿ ಹುಲ್ಲು ಬೆಳೆಸಿದ್ದರು. ಈಗ ಅದನ್ನು ಅಗೆಯುವವರಲ್ಲಿ ಅವಳ ತಮ್ಮನೂ ಒಬ್ಬ.

“ನಾನು ಅವರ ಹೊಲಸು ಎತ್ತೋನು, ನೀನು ಅದರ ಮೇಲೆ ಹುಲ್ಲು ನೆಡೋಳು,” ಎಂದು ಊಟದ ಡಬ್ಬಿ ಬಿಚ್ಚುತ್ತ ಕೆಣಕುತ್ತಿದ್ದ.

“ಬಾಯಿ ಮುಚ್ಕೊಂಡು ತಿನ್ನೋ.”

ಒಂದು ಬೆಳಿಗ್ಗೆ ಕರೆಂಟ್ ಹೋಗಿ ಬಂತು. ಮತ್ತೆ ಎದ್ದ ಪ್ರೋಗ್ರಾಂ, ಮೇಲಿನ ತೇಪೆಗಳನ್ನು ತಲುಪುವ ಮೊದಲೇ, ಎಲ್ಲಕ್ಕಿಂತ ಅಡಿಯಲ್ಲಿದ್ದ ಆಜ್ಞೆಯನ್ನು ಪಾಲಿಸಿತು. ಎಂದೋ ಕೆಡವಿದ ತೊಟ್ಟಿಗೆ ಆಸಿಡ್ ಕಳಿಸಿತು. ತೊಟ್ಟಿಯ ತುಂಡಾದ ಪೈಪು ಹಿತ್ತಲಲ್ಲಿ ಅಗೆಯುತ್ತಿದ್ದ ಗುಂಡಿಯ ಗೋಡೆಯಲ್ಲಿ ಬಾಯಿ ತೆರೆದಿತ್ತು. ಅದರೆದುರು ಬಗ್ಗಿದ್ದ ಕೂಲಿಯವನ ಮುಖಕ್ಕೇ ಆಸಿಡ್ ಬಡಿಯಿತು. ಅಂಗಿ ಎಳೆದರೆ ಚರ್ಮವೂ ಜೊತೆಗೆ ಬಂತು. ತಮ್ಮ ಓಡಿ ಬಂದು ಹಾರೆಯಿಂದ ಅವಳ ಕೊಠಡಿಯ ಬಾಗಿಲು ಬಡಿದ. ಅವಳು ಪಂಪು ನಿಲ್ಲಿಸುವಷ್ಟರಲ್ಲಿ ಕಿರುಚಾಟ ನಿಂತಿತ್ತು.

ಮಧ್ಯಾಹ್ನ ಮ್ಯಾನೇಜರ್ ಬಂದ, ಹಿಂದೆ ಕಾವಲುಗಾರ.

“ಇನ್ನೊಂದು ತೇಪೆ ಹಾಕಮ್ಮ. ಪ್ಲಾಂಟ್ ಶುರು ಮಾಡೋಣ.”

“ಶುರುವಾಗುವಾಗ ತೇಪೆ ಕೆಲಸ ಮಾಡಲ್ಲ ಸಾರ್. ಬೆಳಿಗ್ಗೆ ನೋಡಿದ್ರಲ್ಲ! ಗುಂಡೀಲಿ ಜನ ಇದ್ದಾರೆ.”

“ಅವರನ್ನ ಮೇಲೆ ಹತ್ತಿಸಿದ್ರೆ ಕೆಲಸ ನಿಲ್ಲುತ್ತೆ. ಇಷ್ಟು ವರ್ಷ ನಡೀಲಿಲ್ವಾ?”

ಕಿಟಕಿಯಾಚೆ ತಮ್ಮ ಮತ್ತೆ ಗುಂಡಿಗೆ ಇಳಿಯುತ್ತಿದ್ದ. ಅವಳು ಕೂಗಿದಳು. ಗಾಜಿನಾಚೆಗೆ ದನಿ ಹೋಗಲಿಲ್ಲ. ಮ್ಯಾನೇಜರನ ಕೈ ಸ್ವಿಚ್ಚಿನತ್ತ ಚಾಚಿತು.

ಬಾಗಿಲ ಬಳಿ ತಮ್ಮ ಬಿಟ್ಟುಹೋದ ಹಾರೆ ಬಿದ್ದಿತ್ತು. ಅವಳು ಅದನ್ನೆತ್ತಿ ಕಂಪ್ಯೂಟರಿನ ಎದೆಗೆ ಹೊಡೆದಳು. ಕಿಡಿ ಹಾರಿತು. ಕಾವಲುಗಾರ ಅವಳ ಬಲಗೈ ತಿರುಚಿದಾಗ ಮೂಳೆ ಲಟಕ್ಕೆಂದಿತು. ಎಡಗೈಯಲ್ಲಿ ಮತ್ತೆ ಹೊಡೆದಳು. ಲಾಠಿ ಅವಳ ಬಾಯಿಗೆ ಬಿತ್ತು, ಬೆನ್ನಿಗೆ ಬಿತ್ತು. ಕಂಪ್ಯೂಟರಿನ ದೀಪಗಳೆಲ್ಲ ಆರುವವರೆಗೂ ಅವಳು ಹಾರೆ ಬಿಡಲಿಲ್ಲ.

ಗದ್ದಲಕ್ಕೆ ತಮ್ಮ ಓಡಿ ಬಂದ. ಮೈಯೆಲ್ಲ ಮಣ್ಣು, ಎಲ್ಲೂ ಸುಟ್ಟಿರಲಿಲ್ಲ. ನೆಲದ ಮೇಲಿದ್ದ ಅಕ್ಕನ ತಲೆ ಎತ್ತಿ ಮಡಿಲಿಗಿಟ್ಟುಕೊಂಡ.

“ಏನೇ ಮಾಡ್ಕೊಂಡೆ, ಅಕ್ಕಾ?”

ಅವಳು ರಕ್ತ ಉಗುಳಿದಳು, ಜೊತೆಗೊಂದು ಹಲ್ಲು.

“ಅಗೆದೆ ಕಣೋ.”